ಮಂಗಳದ ನೀರಿಗೆ ಎಷ್ಟು ಸಾಕ್ಷಿ ಬೇಕು?

(ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲ. ಹಾಗಾಗಿ ಅವುಗಳಲ್ಲಿ ಏನಿತ್ತು ಅನ್ನೋದನ್ನು ಮಾತಿನಲ್ಲೇ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

"ಮಂಗಳ ಗ್ರಹದಲ್ಲಿ ನೀರು ಪತ್ತೆ" ಎನ್ನುವ ಸುದ್ದಿಯನ್ನು ನೀವೆಲ್ಲ ಓದಿರುತ್ತೀರಿ. ಒಂದು ಸಲ ಅಲ್ಲ, ಹಲವು ಸಲ. 2000ದಲ್ಲಿ ಬಂತು, 2004ರಲ್ಲಿ ಬಂತು, 2008ರಲ್ಲಿ, 2015ರಲ್ಲಿ, 2018ರಲ್ಲಿ, ಮತ್ತೆ 2024ರಲ್ಲೂ ಬಂತು. ಓದಿದವರು ಕೇಳುತ್ತಾರೆ: "ಒಂದು ಸಲ ಸಿಕ್ಕ ಮೇಲೆ ಮತ್ತೆ ಮತ್ತೆ ಸಿಗೋದು ಹೇಗೆ? ಹಿಂದಿನದೆಲ್ಲ ಸುಳ್ಳಾ?" ಬಹಳ ಸರಿಯಾದ ಪ್ರಶ್ನೆ. ಇವತ್ತು ನಾನು ಮಾತಾಡೋದೆಲ್ಲ ಈ ಪ್ರಶ್ನೆಯ ಸುತ್ತಲೇ.

ಮೊದಲು ಒಂದು ಗಂಟು ಬಿಡಿಸಿಕೊಳ್ಳೋಣ. ಈ ಸುದ್ದಿಗಳಲ್ಲಿ ಮೂರು ಬೇರೆ ಬೇರೆ ನೀರಿನ ಮಾತು ಕಲಸಿಹೋಗಿದೆ. ಮುನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ ಮಂಗಳದ ಮೇಲೆ ಹರಿದ ನೀರು ಒಂದು. ಈಗ ಅಲ್ಲಿ ಮಂಜುಗಡ್ಡೆಯಾಗಿ ಕೂತಿರುವ ನೀರು ಇನ್ನೊಂದು. ಇವತ್ತೂ ದ್ರವವಾಗಿ ಇದೆ, ಹರಿಯುತ್ತಿದೆ ಎಂದು ಹೇಳಲಾದ ನೀರು ಮೂರನೆಯದು. ಮೊದಲ ಎರಡರ ಬಗ್ಗೆ ಈಗ ಗಂಭೀರವಾದ ಜಗಳ ಉಳಿದಿಲ್ಲ. ಹೌದು, ಇತ್ತು. ಹೌದು, ಇದೆ. ಮೂರನೆಯದು ಮಾತ್ರ ಇನ್ನೂ ಸಾಬೀತಾಗಿಲ್ಲ.

ಯಾಕೆ ಹೀಗೆ? ನನ್ನ ಅಭಿಪ್ರಾಯ ಇಷ್ಟು. ಹಳೆಯ ನೀರಿನ ಬಗ್ಗೆ ಒಬ್ಬರಿಗೊಬ್ಬರು ಸಂಬಂಧವಿಲ್ಲದ ನಾಲ್ಕೈದು ಸಾಕ್ಷಿಗಳು ಒಂದೇ ಕಥೆ ಹೇಳುತ್ತಿವೆ. ಈಗಿನ ದ್ರವ ನೀರಿನ ಪ್ರತಿಯೊಂದು ವಾದವೂ ಒಂದೇ ಒಂದು ಸಾಕ್ಷಿಯ ಮೇಲೆ ನಿಂತಿದೆ. ಆ ಸಾಕ್ಷಿಯನ್ನು ಅಡ್ಡ ಪ್ರಶ್ನೆ ಕೇಳಿದ ಕೂಡಲೇ ವಾದ ಅಲುಗಾಡುತ್ತದೆ.

ದ್ರವ ನೀರು ಅಲ್ಲಿ ನಿಲ್ಲೋದು ಯಾಕೆ ಕಷ್ಟ ಅನ್ನೋದನ್ನು ಮೊದಲು ನೋಡೋಣ. 1965ರ ಜುಲೈನಲ್ಲಿ ನಾಸಾದ ಮ್ಯಾರಿನರ್ 4 ನೌಕೆ ಮಂಗಳದ ಪಕ್ಕದಿಂದ ಹಾದು ಹೋಯಿತು. ಇಪ್ಪತ್ತೊಂದೋ ಇಪ್ಪತ್ತೆರಡೋ ಚಿತ್ರ ಕಳಿಸಿತು. ಎಲ್ಲದರಲ್ಲೂ ಚಂದ್ರನ ಮೇಲಿರುವಂಥ ಕುಳಿಗಳೇ. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಇನ್ನೊಂದು ಅಳತೆ. ನೌಕೆ ಗ್ರಹದ ಹಿಂದೆ ಮರೆಯಾಗುವಾಗ ಅದರ ರೇಡಿಯೋ ಸಂಕೇತ ಮಂಗಳದ ಗಾಳಿಯ ಮೂಲಕ ಹಾದು ಬಂತು. ಸಂಕೇತ ಎಷ್ಟು ಬಾಗಿತು ಅನ್ನೋದರಿಂದ ಗಾಳಿಯ ಒತ್ತಡ ಲೆಕ್ಕ ಹಾಕಿದರು. ನಮ್ಮಲ್ಲಿ ಸಮುದ್ರ ಮಟ್ಟದಲ್ಲಿ ಸುಮಾರು 1013 ಮಿಲಿಬಾರ್ ಒತ್ತಡ ಇರುತ್ತದೆ. ಅಲ್ಲಿ ಸಿಕ್ಕಿದ್ದು 4ರಿಂದ 7 ಮಿಲಿಬಾರ್.

ಈ ಅಂಕಿ ತುಂಬಾ ಮುಖ್ಯ. ಒತ್ತಡ 6.1 ಮಿಲಿಬಾರ್‌ಗಿಂತ ಕಡಿಮೆ ಇದ್ದರೆ ಶುದ್ಧ ನೀರು ದ್ರವವಾಗಿ ನಿಲ್ಲೋದೇ ಇಲ್ಲ. ಮಂಜುಗಡ್ಡೆ ಬಿಸಿಯಾದರೆ ಕರಗದೆ ನೇರವಾಗಿ ಆವಿಯಾಗುತ್ತದೆ. ಮಂಗಳದ ಸರಾಸರಿ ಒತ್ತಡ ಸರಿಯಾಗಿ ಈ ಗಡಿಯ ಹತ್ತಿರವೇ ಇದೆ. ತಗ್ಗು ಪ್ರದೇಶಗಳಲ್ಲಿ ಸ್ವಲ್ಪ ಜಾಸ್ತಿ, ಎತ್ತರದಲ್ಲಿ ಕಡಿಮೆ. ಜೊತೆಗೆ ಸರಾಸರಿ ಉಷ್ಣತೆ ಸೊನ್ನೆಗಿಂತ ಸುಮಾರು 60 ಡಿಗ್ರಿ ಸೆಲ್ಸಿಯಸ್ ಕೆಳಗೆ. ಇವತ್ತು ಅಲ್ಲಿ ಒಂದು ಕೊಡ ನೀರು ಚೆಲ್ಲಿದರೆ ಒಂದಷ್ಟು ಕುದ್ದು ಆವಿಯಾಗುತ್ತದೆ, ಉಳಿದಿದ್ದು ಹೆಪ್ಪುಗಟ್ಟುತ್ತದೆ. ಹರಿದು ದೂರ ಹೋಗೋದಿಲ್ಲ.

ಅಂದಮೇಲೆ ಕಥೆ ಮುಗಿಯಿತು ಎಂದು ಆಗ ಅನೇಕರು ಅಂದುಕೊಂಡರು. ಆರು ವರ್ಷ ಕಳೆದ ಮೇಲೆ, 1971ರ ನವೆಂಬರ್‌ನಲ್ಲಿ, ಮ್ಯಾರಿನರ್ 9 ಮಂಗಳದ ಸುತ್ತ ಕಕ್ಷೆಗೆ ಸೇರಿತು. ಅದು ಹೋದಾಗ ಇಡೀ ಗ್ರಹ ದೂಳಿನ ಬಿರುಗಾಳಿಯಲ್ಲಿ ಮುಚ್ಚಿಹೋಗಿತ್ತು. ದೂಳು ಇಳಿಯುವವರೆಗೆ ಕಾದರು. ತೆರೆ ಸರಿದ ಮೇಲೆ ಕಂಡಿದ್ದೇ ಬೇರೆ ಗ್ರಹ. ದೊಡ್ಡ ಜ್ವಾಲಾಮುಖಿಗಳು. ಸಾವಿರಾರು ಕಿಲೋಮೀಟರ್ ಉದ್ದದ ಕಮರಿ. ಜೊತೆಗೆ ಒಣಗಿದ ನದಿಗಳು! ಚಿಕ್ಕ ಚಿಕ್ಕ ತೊರೆಗಳು ಸೇರಿ ದೊಡ್ಡದಾಗುವ ಕಣಿವೆಗಳ ಜಾಲ ಒಂದು ಕಡೆ. ಒಮ್ಮೆಗೇ ನುಗ್ಗಿದ ಪ್ರವಾಹ ಕೊರೆದಂತಿರುವ ಭಾರೀ ಅಗಲದ ಕಾಲುವೆಗಳು ಇನ್ನೊಂದು ಕಡೆ. ಅಂಥ ಪ್ರವಾಹದ ಕಾಲುವೆಗಳಲ್ಲಿ ಒಂದಕ್ಕೆ ನಮ್ಮ ಮಂಗಳನ ಹೆಸರೇ ಇದೆ: ಮಂಗಳ ವ್ಯಾಲಿಸ್. ನೆಲ ಸೀಳಿದ ಒಂದು ಬಿರುಕಿನಿಂದ ನೀರು ಉಕ್ಕಿ ನೂರಾರು ಕಿಲೋಮೀಟರ್ ನುಗ್ಗಿ ಆದ ದಾರಿ ಅದು ಎಂದು ಹೇಳುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಕಾರ ಮೊದಲನೇ ಸಾಕ್ಷಿ. ಕಣ್ಣಿಗೆ ತಕ್ಷಣ ಹೊಡೆಯುವ ಸಾಕ್ಷಿ. ಆದರೆ ಆಕಾರ ಮೋಸ ಮಾಡುತ್ತದೆ. ಲಾವಾ ಕೂಡ ಕಾಲುವೆ ಕೊರೆಯುತ್ತದೆ. ಗಾಳಿ ಕೂಡ ಬಂಡೆಯನ್ನು ತೀಡುತ್ತದೆ. ಕಾರ್ಬನ್ ಡೈಆಕ್ಸೈಡ್‌ನ ಹಿಮ ಇಳಿಜಾರಿನಲ್ಲಿ ಮಣ್ಣನ್ನು ಜಾರಿಸುತ್ತದೆ. ಮೇಲಿನಿಂದ ತೆಗೆದ ಚಿತ್ರ ನೋಡಿ "ಇದು ನದಿಯೇ" ಎಂದು ಹೇಳುವುದು ಊಹೆ, ಒಳ್ಳೆಯ ಊಹೆ, ಆದರೂ ಊಹೆಯೇ. ಅದಕ್ಕೇ ನೆಲಕ್ಕೆ ಇಳಿದು ಕಲ್ಲನ್ನು ಮುಟ್ಟಬೇಕಾಯಿತು.

ಕಲ್ಲಿನ ಸಾಕ್ಷಿ ಚೆನ್ನಾಗಿ ಸಿಕ್ಕಿದ್ದು 2004ರ ಜನವರಿಯಲ್ಲಿ. ಆಪರ್ಚುನಿಟಿ ರೋವರ್ ಮೆರಿಡಿಯಾನಿ ಬಯಲಿನಲ್ಲಿ ಇಳಿಯಿತು. ಗಾಳಿಚೀಲಗಳ ಮೇಲೆ ಪುಟಿದು ಪುಟಿದು, ಉರುಳಿ ಹೋಗಿ, ಕೇವಲ 22 ಮೀಟರ್ ಅಗಲದ ಒಂದು ಸಣ್ಣ ಕುಳಿಯೊಳಗೆ ನಿಂತಿತು. ಎಂಥ ಅದೃಷ್ಟ ನೋಡಿ. ಕುಳಿಯ ಗೋಡೆಯಲ್ಲಿ ಪದರ ಪದರದ ಬಂಡೆ ಕಣ್ಣೆದುರೇ ಇತ್ತು. ಆ ಜಾಗವನ್ನು ಆರಿಸಿದ್ದಕ್ಕೂ ಕಾರಣ ಇತ್ತು. ಅಲ್ಲಿ ಹೆಮಟೈಟ್ ಎಂಬ ಕಬ್ಬಿಣದ ಖನಿಜ ಜಾಸ್ತಿ ಇದೆ ಎಂದು ಕಕ್ಷೆಯಲ್ಲಿದ್ದ ಮಾರ್ಸ್ ಗ್ಲೋಬಲ್ ಸರ್ವೇಯರ್ ಮೊದಲೇ ಹೇಳಿತ್ತು. ಹೆಮಟೈಟ್ ಬಹಳ ಸಲ ನೀರಿನಲ್ಲಿ ಹುಟ್ಟುತ್ತದೆ, ಆದರೆ ನೀರಿಲ್ಲದೆಯೂ ಹುಟ್ಟಬಹುದು.

ಈ ಚಿತ್ರ ನೋಡಿ. ನೆಲದ ತುಂಬ ಕರಿಮೆಣಸಿನ ಕಾಳು ಚೆಲ್ಲಿದ ಹಾಗಿದೆ ಅಲ್ವಾ? ಅಳತೆಯೂ ಸುಮಾರು ಅಷ್ಟೇ, ನಾಲ್ಕೈದು ಮಿಲಿಮೀಟರ್. ವಿಜ್ಞಾನಿಗಳು ಇವಕ್ಕೆ ಬ್ಲೂಬೆರಿ ಎಂದು ಹೆಸರಿಟ್ಟರು. ಈ ಗುಂಡುಗಳು ಎಲ್ಲಿಂದ ಬಂದವು? ಉಲ್ಕೆ ಬಡಿದಾಗ ಕರಗಿ ಚಿಮ್ಮಿದ ಹನಿಗಳಾಗಿದ್ದರೆ ಅವು ಕೆಲವೇ ಪದರಗಳಲ್ಲಿ ಒಟ್ಟಾಗಿ ಬಿದ್ದಿರಬೇಕಿತ್ತು. ಇವು ಹಾಗಿಲ್ಲ. ಬಂಡೆಯ ಎಲ್ಲ ಪದರಗಳಲ್ಲೂ ಅಲ್ಲಲ್ಲಿ ಹುದುಗಿವೆ. ಕೆಲವು ಕಡೆ ಬಂಡೆಯ ಪದರದ ಗೆರೆ ಗುಂಡಿನ ಮೂಲಕವೇ ಹಾದು ಹೋಗುತ್ತದೆ. ಅಂದರೆ ಬಂಡೆ ಆದ ಮೇಲೆ ಅದರ ಒಳಗೇ ಇವು ಬೆಳೆದಿವೆ. ಬಂಡೆಯ ಸಂದುಗಳಲ್ಲಿ ನೀರು ಇಂಗಿ ಓಡಾಡಿದಾಗ ಅದರಲ್ಲಿ ಕರಗಿದ ಕಬ್ಬಿಣ ಒಂದು ಕಡೆ ಕೂಡಿಕೊಂಡು ಹೀಗೆ ಗುಂಡಾಗುತ್ತದೆ. ನಮ್ಮ ಭೂಮಿಯಲ್ಲೂ ಮರಳುಗಲ್ಲಿನಲ್ಲಿ ಇಂಥವು ಸಿಗುತ್ತವೆ.

ಅದೇ ಬಂಡೆಯಲ್ಲಿ ಜರೋಸೈಟ್ ಎಂಬ ಖನಿಜವೂ ಸಿಕ್ಕಿತು. ಇದರ ಹರಳಿನ ಕಟ್ಟಡದೊಳಗೇ ನೀರಿನ ಅಂಶ ಸೇರಿಕೊಂಡಿರುತ್ತದೆ. ಆಮ್ಲೀಯ ನೀರು ಇದ್ದ ಕಡೆ ಇದು ಹುಟ್ಟುತ್ತದೆ. ಈಗ ಎಣಿಸಿ: ಪದರದ ಬಂಡೆ, ಗುಂಡುಗಳ ಜಾಗ, ಗುಂಡುಗಳ ಖನಿಜ, ಬಂಡೆಯ ಖನಿಜ. ನಾಲ್ಕು ಬೇರೆ ಬೇರೆ ಪರೀಕ್ಷೆ, ಬೇರೆ ಬೇರೆ ಉಪಕರಣ. ಉತ್ತರ ಒಂದೇ. 2004ರ ಸುದ್ದಿ ಇವತ್ತಿಗೂ ಅಲುಗಾಡದೆ ನಿಂತಿರುವುದು ಇದಕ್ಕೇ.

ಗ್ರಹದ ಇನ್ನೊಂದು ಕಡೆ ಸ್ಪಿರಿಟ್ ಎಂಬ ಜೋಡಿ ರೋವರ್ ಇತ್ತು. ಅದರ ಮುಂದಿನ ಒಂದು ಚಕ್ರ 2006ರಲ್ಲಿ ಕೆಟ್ಟು ನಿಂತುಹೋಯಿತು. ಆ ಚಕ್ರವನ್ನು ಎಳೆದುಕೊಂಡೇ ಅದು ಓಡಾಡಿತು. 2007ರಲ್ಲಿ ಹೀಗೆ ಎಳೆದ ಗೆರೆಯಲ್ಲಿ ಕೆಂಪು ಮಣ್ಣಿನ ಕೆಳಗಿಂದ ಬೆಳ್ಳಗಿನ ಪುಡಿ ಮೇಲೆ ಬಂತು. ಅಳೆದು ನೋಡಿದರೆ ಸುಮಾರು ಶೇ. 90 ಸಿಲಿಕಾ. ಭೂಮಿಯಲ್ಲಿ ಬಿಸಿನೀರಿನ ಬುಗ್ಗೆ ಅಥವಾ ಬಿಸಿ ಆವಿ ಏಳುವ ಕಡೆ ಇಷ್ಟು ಶುದ್ಧವಾದ ಸಿಲಿಕಾ ಸಿಗುತ್ತದೆ. ಚಕ್ರ ಚೆನ್ನಾಗಿದ್ದಿದ್ದರೆ ಆ ಬಿಳಿ ಮಣ್ಣು ಬಹುಶಃ ಕಾಣುತ್ತಲೇ ಇರಲಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಕ್ಷಿ ಇದು. ಈ ಚಿತ್ರದ ಮೇಲೆ ಸ್ವಲ್ಪ ಹೊತ್ತು ಕಣ್ಣಿಡಿ. 2012ರ ಆಗಸ್ಟ್‌ನಲ್ಲಿ ಕ್ಯೂರಿಯಾಸಿಟಿ ರೋವರ್ ಗೇಲ್ ಎಂಬ ಕುಳಿಯಲ್ಲಿ ಇಳಿಯಿತು. ಇಳಿದ ಜಾಗದಿಂದ ಸ್ವಲ್ಪವೇ ದೂರ ಹೋದ ಮೇಲೆ ಸೆಪ್ಟೆಂಬರ್‌ನಲ್ಲಿ ತೆಗೆದ ಚಿತ್ರ. ನೆಲದಿಂದ ಒಂದು ಚಪ್ಪಡಿ ಓರೆಯಾಗಿ ಎದ್ದಿದೆ. ಕಿತ್ತುಹೋದ ಕಾಂಕ್ರೀಟಿನ ಹಾಗೆ ಕಾಣುತ್ತಿದೆ. ಇದಕ್ಕೆ ಹೋಟಾ ಎಂದು ಹೆಸರು. ಒಳಗೆ ನೋಡಿ, ಮರಳಿನ ಜೊತೆ ಜಲ್ಲಿ ಅಂಟಿಕೊಂಡಿದೆ. ಕೆಳಗೆ ಒಂದಷ್ಟು ಉದುರಿಯೂ ಬಿದ್ದಿದೆ.

ಆ ಕಲ್ಲುಗಳ ಅಂಚು ನೋಡಿ. ಚೂಪಾಗಿಲ್ಲ. ಉರುಟಾಗಿವೆ, ನುಣುಪಾಗಿವೆ. ಯಾವ ಹೊಳೆಯ ದಂಡೆಗೆ ಹೋದರೂ ಇಂಥ ಕಲ್ಲನ್ನು ಕೈಯಲ್ಲಿ ಹಿಡಿದಿರುತ್ತೀರಿ. ಬಂಡೆ ಒಡೆದು ಹೊಸದಾಗಿ ಬಿದ್ದ ಚೂರಿಗೆ ಮೂಲೆಗಳಿರುತ್ತವೆ. ನೀರಿನಲ್ಲಿ ಉರುಳುತ್ತಾ ಒಂದಕ್ಕೊಂದು ತಾಕುತ್ತಾ ಹೋದ ಹಾಗೆ ಮೂಲೆಗಳು ಸವೆಯುತ್ತವೆ. ಇಷ್ಟು ಸವೆಯಬೇಕಾದರೆ ಕಿಲೋಮೀಟರ್‌ಗಟ್ಟಲೆ ಉರುಳಿರಬೇಕು.

"ಗಾಳಿ ಸವೆಸಿರಬಾರದಾ?" ಎಂದು ಕೇಳಬಹುದು. ಕೇಳಲೇಬೇಕು. ಇಲ್ಲಿ ಕಲ್ಲಿನ ಗಾತ್ರ ಉತ್ತರ ಕೊಡುತ್ತದೆ. ಇದರಲ್ಲಿ ದೊಡ್ಡವು ನಾಲ್ಕು ಸೆಂಟಿಮೀಟರ್ ಹತ್ತಿರ ಇವೆ. ಮಂಗಳದ ತೆಳ್ಳನೆಯ ಗಾಳಿ ಮರಳನ್ನು ಹಾರಿಸುತ್ತದೆ, ಇಷ್ಟು ದೊಡ್ಡ ಕಲ್ಲನ್ನು ಉರುಳಿಸಿಕೊಂಡು ಹೋಗೋದಿಲ್ಲ. ಹಾಗಾದರೆ ಉಳಿದಿದ್ದು ನೀರು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಇಂಥ ಗಾತ್ರದ ಕಲ್ಲನ್ನು ತಳ್ಳಲು ನೀರು ಎಷ್ಟು ವೇಗವಾಗಿ ಹರಿಯಬೇಕು, ಎಷ್ಟು ಆಳ ಇರಬೇಕು ಎಂಬ ಲೆಕ್ಕ ನಮ್ಮ ಭೂಮಿಯ ನದಿಗಳಿಂದ ಗೊತ್ತಿದೆ. ಮಂಗಳದ ಗುರುತ್ವ ಕಡಿಮೆ, ಅದನ್ನೂ ಸೇರಿಸಿಕೊಂಡರು. ಬಂದ ಉತ್ತರ: ವೇಗ ಸೆಕೆಂಡಿಗೆ ಒಂದು ಮೀಟರಿಗಿಂತ ಕಡಿಮೆ, ಆಳ ಪಾದ ಮುಳುಗುವಷ್ಟರಿಂದ ಸೊಂಟದವರೆಗೆ.

ಯೋಚನೆ ಮಾಡಿ. ಕೋಟ್ಯಂತರ ಕಿಲೋಮೀಟರ್ ದೂರದಲ್ಲಿ, ಮುನ್ನೂರು ಕೋಟಿ ವರ್ಷಕ್ಕೂ ಹಿಂದೆ ಬತ್ತಿದ ಒಂದು ತೊರೆ. ಅದನ್ನು ಕಾಲಿಟ್ಟು ದಾಟಬಹುದಿತ್ತು ಎಂದು ಹೇಳಲು ನಮಗೆ ಬೇಕಾಗಿದ್ದು ಬರೀ ಜಲ್ಲಿಕಲ್ಲಿನ ಗಾತ್ರ ಮತ್ತು ಅಂಚು. ಆ ತೊರೆಯ ನೀರು ಕುಳಿಯ ಅಂಚಿನಿಂದ ಪೀಸ್ ವ್ಯಾಲಿಸ್ ಎಂಬ ಕಣಿವೆಯಲ್ಲಿ ಇಳಿದು ಬಂದಿರಬೇಕು. ಆ ಕಣಿವೆ, ಅದರ ಬಾಯಲ್ಲಿ ಬೀಸಣಿಗೆಯಂತೆ ಹರಡಿದ ಮೆಕ್ಕಲು, ಎರಡೂ ಕಕ್ಷೆಯ ಚಿತ್ರಗಳಲ್ಲಿ ಮೊದಲೇ ಕಂಡಿದ್ದವು. ಮೇಲಿನ ಆಕಾರ ಮತ್ತು ಕೆಳಗಿನ ಕಲ್ಲು ಇಲ್ಲಿ ಕೈಕುಲುಕಿದವು.

2013ರ ಫೆಬ್ರವರಿಯಲ್ಲಿ ಅದೇ ರೋವರ್ ಯೆಲ್ಲೋನೈಫ್ ಬೇ ಎಂಬ ತಗ್ಗಿನಲ್ಲಿ ಬಂಡೆಗೆ ಡ್ರಿಲ್ ಹಾಕಿತು. ರಂಧ್ರದ ಅಗಲ 1.6 ಸೆಂಟಿಮೀಟರ್, ಆಳ 6.4 ಸೆಂಟಿಮೀಟರ್. ಹೊರಗೆಲ್ಲ ಕೆಂಪು, ಒಳಗಿಂದ ಬಂದ ಪುಡಿ ಬೂದು. ಮಂಗಳದ ಕೆಂಪು ಬರೀ ಮೇಲುಮೇಲಿನ ತುಕ್ಕು ಅನ್ನೋದು ಅಲ್ಲಿ ಕಣ್ಣಾರೆ ಕಂಡಿತು. ಆ ಪುಡಿಯಲ್ಲಿ ಸುಮಾರು ಶೇ. 20ರಷ್ಟು ಜೇಡಿ ಖನಿಜ ಇತ್ತು. ನೀರು ಸುಮ್ನೆ ಬಂದು ಹೋದರೆ ಜೇಡಿ ಆಗೋದಿಲ್ಲ. ಕಲ್ಲು ನೀರಿನಲ್ಲಿ ನೆನೆದು ನೆನೆದು ಬದಲಾಗಬೇಕು. ಅದೂ ಮೆರಿಡಿಯಾನಿಯ ಹುಳಿ ನೀರಲ್ಲ. ಆಮ್ಲವೂ ಅಲ್ಲದ, ಉಪ್ಪೂ ಜಾಸ್ತಿ ಇಲ್ಲದ ನೀರು. ಒಂದು ಕೆರೆಯ ತಳದ ಕೆಸರು ಅದು. ಮುಂದೆ ಮೌಂಟ್ ಶಾರ್ಪ್ ಬೆಟ್ಟ ಹತ್ತುತ್ತಾ ಹೋದ ಹಾಗೆ ಅಂಥ ಕೆಸರುಗಲ್ಲಿನ ಪದರಗಳು ನೂರಾರು ಮೀಟರ್ ದಪ್ಪಕ್ಕೆ ಸಿಕ್ಕವು. ಒಂದು ಮಳೆಗಾಲದ ಹೊಂಡಕ್ಕೆ ಇಷ್ಟು ಕೆಸರು ಕೂರಲು ಸಾಧ್ಯವಿಲ್ಲ. ಬೆಟ್ಟದ ಇನ್ನೂ ಮೇಲೆ, ಒಣಗಿದ ಕಾಲದ್ದು ಎಂದುಕೊಂಡಿದ್ದ ಪದರದಲ್ಲೂ, ಆಳವಿಲ್ಲದ ನೀರಿನ ಅಲೆ ಮೂಡಿಸಿದ ಗೆರೆಗಳು ಕಂಡವು. ನೀರು ಒಂದೇ ಸಲ ಬತ್ತಿ ಹೋಗಲಿಲ್ಲ, ಹೋಗಿ ಮತ್ತೆ ಬಂದಿದೆ.

ಜೆಜೆರೋ ಕುಳಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪರ್ಸಿವರೆನ್ಸ್ ರೋವರ್ 2021ರ ಫೆಬ್ರವರಿ 18ರಂದು ಅಲ್ಲಿ ಇಳಿಯಿತು. 45 ಕಿಲೋಮೀಟರ್ ಅಗಲದ ಕುಳಿ. ನದಿ ಒಳಗೆ ಬರುವ ಕಣಿವೆಯೂ ಇದೆ, ನೀರು ತುಂಬಿ ಹೊರಗೆ ಹೋದ ಕಣಿವೆಯೂ ಇದೆ. ಕೋಡಿ ಬಿದ್ದ ಕೆರೆ ಎಂದರೂ ತಪ್ಪಿಲ್ಲ. ನದಿ ಬಂದು ಸೇರುವಲ್ಲಿ ಡೆಲ್ಟಾ. ರೋವರ್ ದೂರದಿಂದಲೇ ಕೋಡಿಯಾಕ್ ಎಂಬ ಗುಡ್ಡದ ಚಿತ್ರ ತೆಗೆಯಿತು. ಅದರ ಪದರಗಳು ಮೇಲೆ ಮಟ್ಟಸ, ನಡುವೆ ಓರೆ, ಕೆಳಗೆ ಮತ್ತೆ ಮಟ್ಟಸ. ನಿಂತ ನೀರಿಗೆ ನದಿ ಮಣ್ಣು ತಂದು ಸುರಿದಾಗ ಪದರ ಕೂರುವುದು ಹೀಗೆಯೇ.

ಇನ್ನು ಮಂಜುಗಡ್ಡೆ. ಧ್ರುವಗಳಲ್ಲಿ ಬಿಳಿ ಟೋಪಿ ಇದೆ ಅನ್ನೋದು ದೂರದರ್ಶಕದ ಕಾಲದಿಂದಲೂ ಗೊತ್ತಿತ್ತು. ಅದರಲ್ಲಿ ಕಾರ್ಬನ್ ಡೈಆಕ್ಸೈಡ್‌ನ ಒಣಹಿಮ ಎಷ್ಟು, ನೀರಿನದು ಎಷ್ಟು ಅನ್ನೋದು ಪ್ರಶ್ನೆಯಾಗಿತ್ತು. ಮೇಲುಹೊದಿಕೆ ಋತುವಿಗೆ ತಕ್ಕಂತೆ ಬಂದು ಹೋಗುವ ಒಣಹಿಮ. ಅದರ ಕೆಳಗಿನ ದಪ್ಪ ರಾಶಿ ನೀರಿನದು. ಉತ್ತರ ಧ್ರುವದ ರಾಶಿ ಸುಮಾರು 1,000 ಕಿಲೋಮೀಟರ್ ಅಗಲ, ಹೆಚ್ಚೆಂದರೆ ಮೂರು ಕಿಲೋಮೀಟರ್ ದಪ್ಪ. ದಕ್ಷಿಣ ಧ್ರುವದ ರಾಶಿಯೊಂದೇ ಕರಗಿದರೂ ಇಡೀ ಗ್ರಹದ ಮೇಲೆ ಸುಮಾರು 11 ಮೀಟರ್ ನೀರು ನಿಲ್ಲುತ್ತದೆ ಎಂದು ರೇಡಾರ್ ಅಳತೆ ಹೇಳುತ್ತದೆ. ಉತ್ತರದ ಕೊರೊಲೆವ್ ಎಂಬ 82 ಕಿಲೋಮೀಟರ್ ಅಗಲದ ಕುಳಿಯಲ್ಲಿ ವರ್ಷವಿಡೀ 1.8 ಕಿಲೋಮೀಟರ್ ದಪ್ಪದ ಮಂಜುಗಡ್ಡೆ ಇರುತ್ತದೆ.

ಧ್ರುವದಿಂದ ದೂರ, ಮಣ್ಣಿನಡಿಯ ಮಂಜುಗಡ್ಡೆಯನ್ನು ಕೈಯಾರೆ ಅಗೆದು ನೋಡಿದ್ದು ಫೀನಿಕ್ಸ್ ನೌಕೆ. ಅಲ್ಲಿ ನೆಲದ ಮೇಲಿನ ಒಂದು ಮೀಟರಿನೊಳಗೆ ನೀರಿನ ಸುಳಿವು ಕೊಡುವ ಹೈಡ್ರೋಜನ್ ತುಂಬಾ ಇದೆ ಎಂದು 2002ರಲ್ಲೇ ಮಾರ್ಸ್ ಒಡಿಸ್ಸಿ ಕಕ್ಷೆಯಿಂದ ತಿಳಿಸಿತ್ತು. 2008ರ ಮೇ 25ರಂದು ಫೀನಿಕ್ಸ್ 68 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇಳಿದು ತೋಳಿನಿಂದ ಮಣ್ಣು ಕೆರೆಯಿತು. ಕೆಲವೇ ಸೆಂಟಿಮೀಟರ್ ಕೆಳಗೆ ಬಿಳಿ ಪದರ ಸಿಕ್ಕಿತು. ಬಿಳಿಯಾಗಿದ್ದೆಲ್ಲ ಮಂಜುಗಡ್ಡೆ ಆಗಬೇಕಿಲ್ಲ, ಉಪ್ಪೂ ಬಿಳಿಯೇ.

ಈ ಎರಡು ಚಿತ್ರ ಪಕ್ಕಪಕ್ಕ ಇಟ್ಟಿದ್ದೇನೆ. ಎಡಗಡೆಯದು ಜೂನ್ 15ರದು. ಗುಂಡಿಯ ಮೂಲೆಯಲ್ಲಿ ಒಂದೆರಡು ಸೆಂಟಿಮೀಟರ್ ಗಾತ್ರದ ಬಿಳಿ ತುಂಡುಗಳು ನೆರಳಿನಲ್ಲಿ ಬಿದ್ದಿವೆ. ಬಲಗಡೆಯದು ನಾಲ್ಕು ದಿನ ಬಿಟ್ಟು ತೆಗೆದದ್ದು. ತುಂಡುಗಳಿಲ್ಲ. ಯಾರೂ ಮುಟ್ಟಿಲ್ಲ. ಉಪ್ಪಾಗಿದ್ದರೆ ಅಲ್ಲೇ ಇರಬೇಕಿತ್ತು, ಉಪ್ಪು ಆವಿಯಾಗೋದಿಲ್ಲ. ಒಣಹಿಮವಾಗಿದ್ದರೆ ನಾಲ್ಕು ದಿನ ಬಾಳುತ್ತಲೇ ಇರಲಿಲ್ಲ. ಅಲ್ಲಿನ ಬೇಸಿಗೆಯ ಉಷ್ಣತೆ ಒಣಹಿಮಕ್ಕೆ ತೀರಾ ಜಾಸ್ತಿ. ನಿಧಾನವಾಗಿ ಆವಿಯಾಗಿ ಹೋಗುವ ಬಿಳಿ ವಸ್ತು ಅಂದರೆ ನೀರಿನ ಮಂಜುಗಡ್ಡೆ. ಆದರೂ ತಂಡ ಇಲ್ಲಿಗೆ ನಿಲ್ಲಿಸಲಿಲ್ಲ. ಮಣ್ಣಿನ ಮಾದರಿಯನ್ನು ಸಣ್ಣ ಒಲೆಯಲ್ಲಿ ಹಾಕಿ ಬಿಸಿ ಮಾಡಿದರು. ನೀರಿನ ಆವಿ ನೇರವಾಗಿ ಉಪಕರಣಕ್ಕೆ ಸಿಕ್ಕಿತು. ಜುಲೈ 31ರಂದು ಪ್ರಕಟಿಸಿದರು. ಹೀಗೆ ಎರಡನೇ ಸಾಕ್ಷಿಗಾಗಿ ಕಾದದ್ದು ನನಗೆ ಬಹಳ ಹಿಡಿಸುತ್ತದೆ.

ಆಮೇಲೆ 2021ರ ಡಿಸೆಂಬರ್ 24ರಂದು ಒಂದು ಉಲ್ಕೆ ಬಿತ್ತು. ಇನ್‌ಸೈಟ್ ನೌಕೆಯ ಕಂಪನ ಮಾಪಕ ಅದನ್ನು ಸುಮಾರು 4ರ ತೀವ್ರತೆಯ ಕಂಪನವಾಗಿ ಗುರುತಿಸಿತು. ಕಕ್ಷೆಯ ಕ್ಯಾಮೆರಾ ಹುಡುಕಿದಾಗ 150 ಮೀಟರ್ ಅಗಲದ ಹೊಸ ಕುಳಿ, ಸುತ್ತ ಚದುರಿದ ಮಂಜುಗಡ್ಡೆಯ ತುಂಡುಗಳು! ಅದೂ ಸಮಭಾಜಕದ ಕಡೆಗೆ ಸಾಕಷ್ಟು ಹತ್ತಿರ. ಮುಂದೆ ಮನುಷ್ಯರು ಹೋದರೆ ಅವರಿಗೆ ಇದು ದೊಡ್ಡ ಸುದ್ದಿ.

ಅಷ್ಟೆಲ್ಲ ನದಿ, ಕೆರೆ ಇದ್ದ ನೀರು ಎಲ್ಲಿ ಹೋಯಿತು? ಇಲ್ಲಿ ಸಾಕ್ಷಿ ಹೇಳುವುದು ಪರಮಾಣುಗಳು. ನೀರಿನಲ್ಲಿರುವ ಹೈಡ್ರೋಜನ್‌ಗೆ ಒಬ್ಬ ಭಾರದ ಅಣ್ಣ ಇದ್ದಾನೆ, ಡ್ಯುಟೀರಿಯಂ. ಗಾಳಿಯ ಮೇಲ್ತುದಿಯಲ್ಲಿ ಬಿಸಿಲು ನೀರಿನ ಆವಿಯನ್ನು ಒಡೆದಾಗ ಹಗುರವಾದ ಹೈಡ್ರೋಜನ್ ಸುಲಭವಾಗಿ ಬಾಹ್ಯಾಕಾಶಕ್ಕೆ ತಪ್ಪಿಸಿಕೊಳ್ಳುತ್ತದೆ. ಭಾರದ್ದು ಹಿಂದೆ ಉಳಿಯುತ್ತದೆ. ಹಾಗಾಗಿ ಭಾರದ್ದು ಎಷ್ಟು ಜಾಸ್ತಿ ಇದೆಯೋ ಅಷ್ಟು ನೀರು ಕಳೆದುಹೋಗಿದೆ ಎಂದು ಅರ್ಥ. ಮಂಗಳದ ಗಾಳಿಯಲ್ಲಿ ಈ ಪ್ರಮಾಣ ನಮ್ಮ ಸಾಗರಗಳಿಗಿಂತ ಐದಾರು ಪಟ್ಟು ಹೆಚ್ಚು. ಯೆಲ್ಲೋನೈಫ್ ಬೇಯ ಹಳೆಯ ಜೇಡಿಯೊಳಗೆ ಸಿಕ್ಕಿಹಾಕಿಕೊಂಡಿದ್ದ ನೀರಿನಲ್ಲಿ ಕ್ಯೂರಿಯಾಸಿಟಿ ಅಳೆದಾಗ ಸುಮಾರು ಮೂರು ಪಟ್ಟು. ಅಂದರೆ ಆ ಕೆಸರು ಕೂರುವ ಹೊತ್ತಿಗಾಗಲೇ ಒಂದಷ್ಟು ನೀರು ಹೋಗಿತ್ತು, ಆಮೇಲೂ ಹೋಗುತ್ತಲೇ ಇತ್ತು.

ನಮ್ಮ ಮಂಗಳಯಾನ ಈ ಕಥೆಯೊಳಗೆ ಬರುವುದು ಇಲ್ಲೇ. 2014ರ ಸೆಪ್ಟೆಂಬರ್ 24ರಂದು ಅದು ಮಂಗಳದ ಕಕ್ಷೆ ಸೇರಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಿಂದ ಅದನ್ನು ನಡೆಸಿದರು. ಬ್ಯಾಲಾಳುವಿನ 32 ಮೀಟರ್ ಆಂಟೆನಾ ಅದರ ಮಾತು ಕೇಳಿಸಿಕೊಳ್ಳುತ್ತಿತ್ತು. ಹದಿನೈದು ಕಿಲೋದ ವೈಜ್ಞಾನಿಕ ಉಪಕರಣಗಳಲ್ಲಿ ಎರಡು ಕಿಲೋಗೂ ಕಡಿಮೆ ತೂಕದ ಲೈಮನ್ ಆಲ್ಫಾ ಫೋಟೋಮೀಟರ್ ಒಂದು. ಬೆಂಗಳೂರಿನಲ್ಲಿರುವ ಇಸ್ರೋದ ಎಲೆಕ್ಟ್ರೋ ಆಪ್ಟಿಕ್ಸ್ ಪ್ರಯೋಗಾಲಯದಲ್ಲಿ ತಯಾರಾದದ್ದು. ಇದೇ ಹೈಡ್ರೋಜನ್ ಮತ್ತು ಡ್ಯುಟೀರಿಯಂ ಪ್ರಮಾಣ ಅಳೆಯುವ ಗುರಿಯಿಂದಲೇ ಅದನ್ನು ಕಳಿಸಿದ್ದು. ಎಲ್ಲರೂ ಮಂಗಳಯಾನದ ಖರ್ಚಿನ ಬಗ್ಗೆ ಮಾತಾಡುತ್ತಾರೆ. ಅದು ಯಾವ ಪ್ರಶ್ನೆ ಹೊತ್ತುಕೊಂಡು ಹೋಗಿತ್ತು ಅನ್ನೋದನ್ನೂ ನಮ್ಮ ಮಕ್ಕಳಿಗೆ ಹೇಳಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ಅದಕ್ಕಿಂತ ಎರಡು ದಿನ ಮೊದಲು ತಲುಪಿದ ನಾಸಾದ ಮೇವನ್ ನೌಕೆ, ಸೌರ ಮಾರುತ, ಅಂದರೆ ಸೂರ್ಯನಿಂದ ಹೊಮ್ಮಿ ಬರುವ ಕಣಗಳ ಹರಿವು, ಮಂಗಳದ ಗಾಳಿಯನ್ನು ಹೇಗೆ ಕಿತ್ತುಕೊಂಡು ಹೋಗುತ್ತಿದೆ ಎಂದು ನೇರವಾಗಿ ಅಳೆಯಿತು.

ನೀರೆಲ್ಲ ಆಕಾಶಕ್ಕೇ ಹೋಗಲಿಲ್ಲ. ದೊಡ್ಡ ಪಾಲು ಖನಿಜಗಳೊಳಗೆ ಸೇರಿ ನೆಲದಲ್ಲೇ ಬಂಧಿಯಾಗಿದೆ ಎಂದು 2021ರ ಒಂದು ಅಧ್ಯಯನ ವಾದಿಸಿತು. ಎಷ್ಟು ಪಾಲು ಎಂದರೆ ಶೇ. 30ರಿಂದ 99. ಇಷ್ಟು ದೊಡ್ಡ ಅಂತರ ಇದೆ ಅಂದರೆ ಈ ಲೆಕ್ಕ ಇನ್ನೂ ಗಟ್ಟಿಯಾಗಿಲ್ಲ ಎಂದೇ ಅರ್ಥ.

ಈಗ ಕಷ್ಟದ ಭಾಗಕ್ಕೆ ಬರೋಣ, ಇವತ್ತಿನ ದ್ರವ ನೀರು. 2000ದಲ್ಲಿ ಇಳಿಜಾರುಗಳಲ್ಲಿ ಹೊಸ ಕೊರಕಲುಗಳು ಕಂಡು ನೀರಿನದು ಎಂದರು. ಆಮೇಲೆ ವರ್ಷಗಟ್ಟಲೆ ನೋಡಿದಾಗ ಅವು ಬದಲಾಗುವುದು ಒಣಹಿಮ ಕೂರುವ ಚಳಿಗಾಲದಲ್ಲಿ ಎಂದು ತಿಳಿಯಿತು. ಕರಗುವ ನೀರಿಗೆ ಅದು ಕಾಲವೇ ಅಲ್ಲ.

2011ರಲ್ಲಿ ಇನ್ನೊಂದು. ಬಿಸಿಲು ಬೀಳುವ ಇಳಿಜಾರುಗಳಲ್ಲಿ ಕಪ್ಪು ಗೆರೆಗಳು ಮೂಡಿ, ಬೇಸಿಗೆಯಲ್ಲಿ ಉದ್ದವಾಗಿ, ಚಳಿಯಲ್ಲಿ ಮಾಸಿ, ಮುಂದಿನ ವರ್ಷ ಮತ್ತೆ ಬರುತ್ತವೆ. ಇವುಗಳನ್ನು ಚಿತ್ರಗಳಲ್ಲಿ ಮೊದಲು ಗಮನಿಸಿದವರು ಲುಜೇಂದ್ರ ಓಝಾ, ನೇಪಾಳ ಮೂಲದವರು, ಆಗ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಪದವಿ ವಿದ್ಯಾರ್ಥಿ. 2015ರಲ್ಲಿ ಆ ಗೆರೆಗಳಲ್ಲಿ ನೀರು ಹೀರಿದ ಪರ್ಕ್ಲೋರೇಟ್ ಲವಣದ ಗುರುತು ಸಿಕ್ಕಿತು ಎಂದು ಪ್ರಕಟಿಸಿದರು. ಉಪ್ಪುನೀರು ಸೊನ್ನೆಗಿಂತ ಬಹಳ ಕೆಳಗೂ ದ್ರವವಾಗಿರಬಲ್ಲದು, ಹಾಗಾಗಿ ವಾದ ಚೆನ್ನಾಗಿಯೇ ಇತ್ತು. ಜಗತ್ತಿನ ಪತ್ರಿಕೆಗಳೆಲ್ಲ ಮುಖಪುಟದಲ್ಲಿ ಹಾಕಿದವು.

2017ರಲ್ಲಿ ಬೇರೆ ತಂಡ ಗೆರೆಗಳ ಇಳಿಜಾರು ಅಳೆಯಿತು. ಕಡಿದಾದ ಕಡೆ ಮಾತ್ರ ಗೆರೆ ಹರಿಯುತ್ತದೆ, ಇಳಿಜಾರು ಸುಮಾರು 27 ಡಿಗ್ರಿಗೆ ಇಳಿದ ಕೂಡಲೇ ನಿಲ್ಲುತ್ತದೆ. ಒಣ ಮರಳು ಜಾರಿ ನಿಲ್ಲುವ ಕೋನ ಅದು. ನೀರಾಗಿದ್ದರೆ ಇನ್ನೂ ಕೆಳಗೆ ಹರಿಯಬೇಕಿತ್ತು. 2018ರಲ್ಲಿ ಇನ್ನೊಂದು ಪೆಟ್ಟು: ಲವಣದ ಗುರುತು ಕೊಟ್ಟಿದ್ದ ಕಕ್ಷೆಯ ಉಪಕರಣದ ದತ್ತಾಂಶವನ್ನು ಸಂಸ್ಕರಿಸುವಾಗಲೇ ಪರ್ಕ್ಲೋರೇಟ್‌ನಂತೆ ಕಾಣುವ ಸುಳ್ಳು ಗುರುತು ಹುಟ್ಟಬಹುದು ಎಂದು ಗೊತ್ತಾಯಿತು. ಗೆರೆ ಯಾಕೆ ಋತುವಿಗೆ ತಕ್ಕಂತೆ ಬರುತ್ತದೆ ಅನ್ನೋದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಆದರೆ ನೀರು ಹರಿಯುತ್ತಿದೆ ಎಂದು ಹೇಳುವ ಧೈರ್ಯ ಈಗ ಹೆಚ್ಚಿನವರಿಗಿಲ್ಲ.

2018ರ ಸುದ್ದಿ ದಕ್ಷಿಣ ಧ್ರುವದ್ದು. ಮಾರ್ಸ್ ಎಕ್ಸ್‌ಪ್ರೆಸ್ ನೌಕೆಯ ರೇಡಾರ್ ಮಂಜುಗಡ್ಡೆಯ ಒಂದೂವರೆ ಕಿಲೋಮೀಟರ್ ಕೆಳಗೆ 20 ಕಿಲೋಮೀಟರ್ ಅಗಲದ ಜಾಗದಿಂದ ಜೋರಾದ ಪ್ರತಿಧ್ವನಿ ಪಡೆಯಿತು. ಇಟಲಿಯ ತಂಡ ಅದನ್ನು ನೀರಿನ ಸರೋವರ ಎಂದಿತು. ಹೆಪ್ಪುಗಟ್ಟಿದ ಜೇಡಿಯೂ ಹಾಗೆ ಹೊಳೆಯಬಹುದು, ತೆಳು ಪದರಗಳೂ ಹಾಗೆ ಮಾಡಬಹುದು ಎಂದು ಬೇರೆಯವರು ತೋರಿಸಿದರು. 2025ರಲ್ಲಿ ಮಾರ್ಸ್ ರೆಕಾನಸನ್ಸ್ ಆರ್ಬಿಟರ್ ನೌಕೆಯನ್ನು 120 ಡಿಗ್ರಿ ವಾಲಿಸಿ, ಬೇರೆ ಆವರ್ತನದ ರೇಡಾರ್‌ನಿಂದ ಅದೇ ಜಾಗ ನೋಡಿದರು. ಪ್ರತಿಧ್ವನಿ ಬಂತು, ಆದರೆ ದುರ್ಬಲವಾಗಿ. ಸರೋವರದ ವಾದಕ್ಕೆ ಇದು ಪುಷ್ಟಿ ಕೊಡಲಿಲ್ಲ.

2024ರದ್ದು ಇನ್‌ಸೈಟ್‌ನ ಕಂಪನಗಳಿಂದ ಬಂದ ವಾದ. ಕಂಪನದ ಅಲೆಗಳು ಸಾಗಿದ ವೇಗ ನೋಡಿದರೆ 11.5ರಿಂದ 20 ಕಿಲೋಮೀಟರ್ ಆಳದಲ್ಲಿ ಬಿರುಕುಬಿಟ್ಟ ಬಂಡೆಯೊಳಗೆ ನೀರು ತುಂಬಿದೆ ಎಂದರೆ ಹೊಂದುತ್ತದೆ ಎಂದರು. ಗ್ರಹದ ಎಲ್ಲ ಕಡೆ ಹೀಗೇ ಇದ್ದರೆ ಒಂದೆರಡು ಕಿಲೋಮೀಟರ್ ಆಳದ ಸಾಗರಕ್ಕಾಗುವಷ್ಟು ನೀರು. ನನಗೆ ಇದು ನಿಜವಾಗಲಿ ಎಂಬ ಆಸೆ ಇದೆ. ಆದರೆ ಮಾಪಕ ಒಂದೇ, ಜಾಗವೂ ಒಂದೇ. ಅದೇ ವೇಗಕ್ಕೆ ಬೇರೆ ವಿವರಣೆಯೂ ಸಾಧ್ಯ ಎಂದು ಇತರರು ಹೇಳಿದ್ದಾರೆ. ಎರಡನೇ ಸಾಕ್ಷಿ ಬರುವವರೆಗೆ ಕಾಯಬೇಕು.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದ್ದೇನೆ.

ಶಾಲೆಯ ಹುಡುಗಿಯೊಬ್ಬಳು ಕೇಳಿದಳು: "ಆ ಮಂಜುಗಡ್ಡೆ ಕರಗಿಸಿದರೆ ಕುಡಿಯಬಹುದಾ ಸರ್?" ಹಾಗೇ ಕುಡಿಯೋದು ಬೇಡಮ್ಮ. ಫೀನಿಕ್ಸ್ ಇಳಿದ ಕಡೆಯ ಮಣ್ಣಿನಲ್ಲಿ ಪರ್ಕ್ಲೋರೇಟ್ ಇತ್ತು. ಅದು ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸುತ್ತದೆ. ಶುದ್ಧ ಮಾಡಿ ಕುಡಿಯಬಹುದು. ಅದೇ ನೀರನ್ನು ಒಡೆದು ಉಸಿರಾಡಲು ಆಮ್ಲಜನಕ, ರಾಕೆಟ್ಟಿಗೆ ಇಂಧನವನ್ನೂ ಮಾಡಿಕೊಳ್ಳಬಹುದು.

ಹಿರಿಯರೊಬ್ಬರು ಕೇಳಿದರು: "ನೀರಿತ್ತು ಸರಿ, ಜೀವ ಇತ್ತೇ?" ಜೆಜೆರೋಗೆ ನೀರು ತಂದ ಕಣಿವೆಯಲ್ಲಿ 2024ರ ಜುಲೈನಲ್ಲಿ ಪರ್ಸಿವರೆನ್ಸ್ ಒಂದು ಕಲ್ಲು ಕಂಡಿತು. ಚೆಯಾವಾ ಫಾಲ್ಸ್ ಎಂದು ಹೆಸರು. ಮೈಮೇಲೆ ಚಿರತೆಯಂಥ ಮಚ್ಚೆಗಳು. ಮಚ್ಚೆಗಳಲ್ಲಿ ಕಬ್ಬಿಣದ ಫಾಸ್ಫೇಟ್ ಮತ್ತು ಸಲ್ಫೈಡ್ ಖನಿಜಗಳ ಗುರುತಿದೆ, ಕಲ್ಲಿನಲ್ಲಿ ಸಾವಯವ ಇಂಗಾಲವೂ ಇದೆ. ಭೂಮಿಯ ಕೆಸರಿನಲ್ಲಿ ಇಂಥ ಜೋಡಿಯನ್ನು ಸೂಕ್ಷ್ಮಜೀವಿಗಳು ಮಾಡುತ್ತವೆ. ಜೀವವಿಲ್ಲದೆಯೂ ಆಗಬಹುದು. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಪ್ರಬಂಧವೂ ಅಷ್ಟೇ ಎಚ್ಚರಿಕೆಯಿಂದ ಹೇಳಿದೆ. ಆ ಕಲ್ಲಿನ ಚೂರು ರೋವರ್‌ನ ಕೊಳವೆಯಲ್ಲಿ ಭದ್ರವಾಗಿದೆ, ಆದರೆ ಅದನ್ನು ಭೂಮಿಗೆ ತರುವ ಯೋಜನೆ ಹಣದ ತೊಡಕಿನಲ್ಲಿ ಸಿಕ್ಕಿಕೊಂಡಿದೆ. ಅಷ್ಟರೊಳಗೆ ಯುರೋಪಿನ ರೋಸಲಿಂಡ್ ಫ್ರಾಂಕ್ಲಿನ್ ರೋವರ್ 2028ರಲ್ಲಿ ಹೊರಡುವ ತಯಾರಿಯಲ್ಲಿದೆ. ಅದು ಹೋಗುವುದು ಆಕ್ಸಿಯಾ ಪ್ಲಾನಮ್ ಎಂಬ ಜೇಡಿಯ ಬಯಲಿಗೆ. ಇಲ್ಲಿಯವರೆಗಿನ ರೋವರ್‌ಗಳು ಕೆಲವೇ ಸೆಂಟಿಮೀಟರ್ ಕೊರೆದಿವೆ, ಅದು ಎರಡು ಮೀಟರ್ ಆಳದವರೆಗೆ ಕೊರೆಯಲಿದೆ. ವಿಕಿರಣ ಅಷ್ಟಾಗಿ ಮುಟ್ಟದ ಆಳದಲ್ಲಿ ಹಳೆಯ ಕೆಸರು ಹೇಗಿದೆ ಎಂದು ಮೊದಲ ಸಲ ಗೊತ್ತಾಗುವುದು ಆಗಲೇ.